ಬೆಸುಗೆ ಹಾಕದ ತಂತಿ

ಹೆಗ್ಗನಹಳ್ಳಿ, ಬೆಂಗಳೂರು
8 ಜುಲೈ 2024

ಚಕ್ರಪಾಣಿ ಸಾರ್ ಅವರಿಗೆ,

ನಮಸ್ಕಾರಗಳು. ಹೊಸಪೇಟೆಗೆ ಫೋನ್ ಮಾಡಿದ್ದೆ. ನಿಮ್ಮ ತಂಗಿ ಲಕ್ಷ್ಮಿ ಅವರು ಎತ್ತಿಕೊಂಡರು. "ಗಂಟಲಿನ ಆಪರೇಷನ್ ಆಗಿ ಮಾತು ಹೋದ್ಮೇಲೆ ಅಣ್ಣ ಫೋನ್ ಹತ್ರಾನೇ ಸುಳಿಯಲ್ಲಮ್ಮಾ. ಮೆಸೇಜೂ ನೋಡಲ್ಲ. ಕಾಗದ ಬರಿ, ಎರಡೆರಡು ಸಲ ಓದ್ತಾನೆ" ಅಂದರು. ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಬೇಡಿ.

ನೀವು ಬಿಟ್ಟುಕೊಟ್ಟ ಕಾರು ವೈರಿಂಗಿನ ವರ್ಕ್‌ಶಾಪ್ ನಡೆಯುತ್ತಿದೆ. ನೀವು ಬರೆಸಿದ್ದ ಬೋರ್ಡನ್ನೇ ಇಟ್ಟುಕೊಂಡು ಕೆಳಗೆ ನನ್ನ ಹೆಸರು ಸೇರಿಸಿದ್ದೇನೆ. ಈಗಲೂ ಅರ್ಧ ಜನ ಒಳಗೆ ಬಂದು ನನ್ನ ಮುಖ ನೋಡಿ, "ಎಲೆಕ್ಟ್ರಿಷಿಯನ್ ಇಲ್ವಾಮ್ಮಾ?" ಅಂತಲೇ ಕೇಳುತ್ತಾರೆ.

ವಿಷಯಕ್ಕೆ ಬರುತ್ತೇನೆ. ಆ ಕೆಂಪು ಕಾರು ಮತ್ತೆ ಬಂದಿದೆ, ಸಾರ್. ರಾಜಾಜಿನಗರದ ಜಗನ್ನಾಥ್ ಅವರದು. 2017ರಲ್ಲಿ ನೆಲಮಂಗಲದ ರಸ್ತೆಯಲ್ಲಿ ಓಡುತ್ತಿದ್ದಾಗಲೇ ಎಂಜಿನ್ ನಿಂತು, ಸ್ಟೀರಿಂಗ್ ಬಿಗಿದು, ಡಿವೈಡರಿಗೆ ಬಡಿದು ಅವರ ಎಡಗಾಲು ಹೋಯಿತಲ್ಲ, ಅದೇ ಟರ್ಬೊ ಕಾರು. ಏಳು ವರ್ಷ ಅವರ ಫ್ಯಾಕ್ಟರಿಯ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತಂತೆ. ಈಗ ಅವರ ತಂಗಿಯ ಮಗ ಅನಿಕೇತ್ ಅದನ್ನು ಹೊರಗೆ ತೆಗೆದಿದ್ದಾರೆ. ಬಸವೇಶ್ವರನಗರದಲ್ಲಿ ಹಲ್ಲಿನ ಡಾಕ್ಟರು. ಮುಂಭಾಗ ಪೂರ್ತಿ ಹೊಸದಾಗಿ ಮಾಡಿಸಿ ಬಣ್ಣ ಹೊಡೆಸಿದ್ದಾರೆ. ಎರಡು ಗ್ಯಾರೇಜಿನವರು ಕೈ ಚೆಲ್ಲಿದ ಮೇಲೆ, ಹಳೆಯ ಫೈಲಿನಲ್ಲಿ ನಿಮ್ಮ ಕಾರ್ಡು ಸಿಕ್ಕಿ ನನ್ನ ಹತ್ತಿರ ತಂದಿದ್ದಾರೆ.

ದೋಷ ಹೀಗಿದೆ. ನಲವತ್ತು ನಿಮಿಷ ಕುದುರೆಯ ಹಾಗೆ ಓಡುತ್ತದೆ. ಆಮೇಲೆ ಪಟ್ಟನೆ ಸಾಯುತ್ತದೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿದರೆ ಒಂದೇ ಒಂದು ದೋಷದ ಕೋಡ್ ಇಲ್ಲ. ಬ್ಯಾಟರಿ, ಆಲ್ಟರ್ನೇಟರ್, ಇಗ್ನಿಷನ್ ಸ್ವಿಚ್ ಎಲ್ಲ ನೋಡಿದೆ. ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಎಲ್ಲಕ್ಕಿಂತ ಮೊದಲು ನಾನು ನೋಡಿದ್ದು ಬ್ಯಾಟರಿಯ ತಂತಿಯನ್ನು ಕಾರಿನ ಮೈಗೆ ಬಿಗಿಯುವ ಅರ್ತ್ ಬೋಲ್ಟ್. ಆಗ ನಮ್ಮ ಜೊತೆ ಕೆಲಸಕ್ಕಿದ್ದ ಹನುಮೇಶ ಅದನ್ನು ಸಡಿಲ ಬಿಟ್ಟಿದ್ದರಿಂದಲೇ ಆವತ್ತು ಕಾರು ನಿಂತಿತು ಅಂತಲ್ಲವೇ ಆಗ ತೀರ್ಮಾನವಾದದ್ದು? ಆ ಬೋಲ್ಟ್ ಬಿಗಿಯಾಗಿದೆ. ತುಕ್ಕು ಕೂಡ ಇಲ್ಲ. ಆದರೂ ಕಾರು ನಿಲ್ಲುತ್ತದೆ. ಏನು ಅಂದುಕೊಳ್ಳಬೇಕೋ ತಿಳಿಯುತ್ತಿಲ್ಲ.

ಈ ಕಾರನ್ನು ನಿಮ್ಮಷ್ಟು ಬಲ್ಲವರು ಇಲ್ಲ. ದಾರಿ ತೋರಿಸಿ.

ನಿಮ್ಮ
ರಾಗಿಣಿ


ಹೊಸಪೇಟೆ
19 ಜುಲೈ 2024

ಚಿ. ರಾಗಿಣಿಗೆ ಆಶೀರ್ವಾದಗಳು.

ಕಾಗದ ತಲುಪಿತು. ತಪ್ಪುಗಳು ಮೂರೇ ಇದ್ದವು, ಬಿಟ್ಟಿದ್ದೇನೆ. ನನ್ನ ಆರೋಗ್ಯ ಪರವಾಗಿಲ್ಲ. ಕತ್ತಿನಲ್ಲಿರುವ ತೂತಿನಿಂದಲೇ ಉಸಿರಾಟ. ಬೆಳಿಗ್ಗೆ ಕಾಲುವೆಯ ತನಕ ನಡೆದು ಬರುತ್ತೇನೆ. ಮಾತಿಲ್ಲದ ಮೇಲೆ ಜನ ನನ್ನನ್ನು ಕಿವುಡ ಎಂದೂ ತಿಳಿದು ಕೂಗಿ ಮಾತಾಡುತ್ತಾರೆ. ಅದೊಂದು ತಮಾಷೆ.

ಅಷ್ಟು ದಿನ ನಿಂತ ಗಾಡಿಯಲ್ಲಿ ಮೊದಲು ಕೈ ಕೊಡುವುದು ಪೆಟ್ರೋಲ್ ಪಂಪು. ಹಿಂದಿನ ಸೀಟಿನ ಕೆಳಗೆ ಅದಕ್ಕೆ ಕರೆಂಟ್ ಕೊಡುವ ರಿಲೇ ಇದೆ. ಬದಲಾಯಿಸು. ಡಿಕ್ಕಿಯಲ್ಲಿ ಎಡಗಡೆ ಅರ್ತ್ ಪಾಯಿಂಟ್ ಇದೆ, ಬಣ್ಣ ಕೆರೆದು ಹೊಸದಾಗಿ ಬಿಗಿ. ಪಂಪಿನ ತಂತಿಯನ್ನು ಇಲಿ ಕಡಿದಿರಬಹುದು, ಪೂರ್ತಿ ಉದ್ದಕ್ಕೂ ನೋಡು. ಹಿಂದಿನಿಂದ ಮುಂದಕ್ಕೆ ಬಾ. ಅವಸರ ಮಾಡಬೇಡ.

ಡ್ಯಾಶ್‌ಬೋರ್ಡ್ ಮಾತ್ರ ಬಿಚ್ಚಬೇಡ. ಆ ಕಾರಿನ ಪ್ಲಾಸ್ಟಿಕ್ ಹಳೆಯದು, ಒಂದು ಕ್ಲಿಪ್ ಮುರಿದರೆ ಎಲ್ಲೂ ಸಿಗುವುದಿಲ್ಲ.

ಹಳೆಯ ಮಾತು ಈಗ ಯಾಕೆ? ಬೋಲ್ಟನ್ನು ಆಮೇಲೆ ಯಾರಾದರೂ ಬಿಗಿ ಮಾಡಿರುತ್ತಾರೆ.

ಇಂತಿ,
ಚಕ್ರಪಾಣಿ


ಹೆಗ್ಗನಹಳ್ಳಿ
11 ಆಗಸ್ಟ್ 2024

ಸಾರ್,

ನೀವು ಹೇಳಿದ್ದೆಲ್ಲ ಮಾಡಿದೆ. ರಿಲೇ ಹೊಸದು. ಡಿಕ್ಕಿಯ ಅರ್ತ್ ಕೆರೆದು ಬಿಗಿದೆ. ಪಂಪಿನ ತಂತಿಯನ್ನು ಬಾಲದಿಂದ ತಲೆಯವರೆಗೆ ಬೆರಳಲ್ಲಿ ಸವರಿ ನೋಡಿದೆ. ಇಲಿಯ ಹಲ್ಲು ಎಲ್ಲೂ ಬಿದ್ದಿಲ್ಲ. ಕಾರನ್ನು ಜ್ಞಾನಭಾರತಿ ಕ್ಯಾಂಪಸ್ಸಿನ ರಸ್ತೆಯಲ್ಲಿ ಮೂರು ಸುತ್ತು ಓಡಿಸಿದೆ. ನಾಲ್ಕನೇ ಸುತ್ತಿಗೆ ಮತ್ತೆ ನಿಂತಿತು. ಹಿಂದೆ ಬೈಕಿನಲ್ಲಿದ್ದ ಹುಡುಗರು, "ಏನ್ ಗುರು, ಇಷ್ಟು ದೊಡ್ಡ ಕಾರನ್ನೂ ತಳ್ಳಬೇಕಾ?" ಅಂತ ನಗುತ್ತಲೇ ತಳ್ಳಿ ಮರದ ನೆರಳಿಗೆ ಸೇರಿಸಿದರು.

ಈ ಸಲ ಒಂದು ಹೊಸ ವಿಷಯ ಕಣ್ಣಿಗೆ ಬಿತ್ತು. ನಿಂತು ಮತ್ತೆ ಶುರುವಾದಾಗ ಎಂಜಿನ್ ಸ್ವಲ್ಪ ಹೊತ್ತು ಏರಿಳಿಯುತ್ತದೆ, ಬ್ಯಾಟರಿ ತೆಗೆದು ಹಾಕಿದಾಗ ಆಗುತ್ತದಲ್ಲ, ಹಾಗೆ. ಅಂದರೆ ಎಂಜಿನ್ ಕಂಪ್ಯೂಟರು ಕಲಿತದ್ದನ್ನೆಲ್ಲ ಮರೆತು ಎದ್ದಿದೆ. ಪೆಟ್ರೋಲ್ ನಿಂತರೆ ಹಾಗೆ ಆಗುವುದಿಲ್ಲ. ಕಂಪ್ಯೂಟರಿಗೇ ಕರೆಂಟ್ ಹೋಗುತ್ತಿದೆ. ಅದಕ್ಕೇ ಕೋಡ್ ಇಲ್ಲ. ಬರೆಯಬೇಕಾದವನೇ ಎಚ್ಚರ ತಪ್ಪಿದರೆ ಬರೆಯುವವರು ಯಾರು?

ಫ್ಯೂಸಿನ ತನಕ ಕರೆಂಟ್ ಸರಿಯಾಗಿದೆ. ಕಂಪ್ಯೂಟರಿನ ಹತ್ತಿರ ಬಿಸಿಯಾದಾಗ ಇಲ್ಲ. ನಡುವೆ ಇರುವ ತಂತಿ ಡ್ಯಾಶ್‌ಬೋರ್ಡಿನ ಹಿಂದೆ ಹೋಗುತ್ತದೆ. ಬಿಚ್ಚಲೇಬೇಕು ಅನಿಸುತ್ತಿದೆ. ನೀವು ಬೇಡ ಅಂದಿದ್ದೀರಿ. ಹಾಗಾಗಿ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಹನುಮೇಶ ಬ್ಯಾಡರಹಳ್ಳಿಯಲ್ಲಿ ಇದ್ದಾನಂತೆ. ಪಾರ್ಸೆಲ್ ತಲುಪಿಸುವ ಗಾಡಿ ಓಡಿಸುತ್ತಾನೆ. ಪಕ್ಕದ ಪಂಕ್ಚರ್ ಅಂಗಡಿಯ ಮುತ್ತುರಾಜಣ್ಣ ಹೇಳಿದರು. ಬೋಲ್ಟ್ ಬಿಗಿಯಾಗಿ ಕಂಡ ದಿನದಿಂದ ಅವನ ನೆನಪು ಬರುತ್ತಿದೆ, ಸುಮ್ಮನೆ ಹೇಳಿದೆ.

ಉತ್ತರ ಬೇಗ ಬರಲಿ. ಅನಿಕೇತ್ ದಿನವೂ ಕೇಳುತ್ತಿದ್ದಾರೆ.

ರಾಗಿಣಿ


ಹೊಸಪೇಟೆ
17 ಆಗಸ್ಟ್ 2024

ರಾಗಿಣಿಗೆ,

ಕಾಗದ ಕೈ ಸೇರಿದ ದಿನವೇ ಬರೆಯುತ್ತಿದ್ದೇನೆ.

ಬಿಚ್ಚಬೇಡ. ಕಂಪ್ಯೂಟರೇ ಒಳಗೆ ಕೆಟ್ಟಿರಬೇಕು. ಬಿಸಿಗೆ ಒಳಗಿನ ಬೆಸುಗೆ ಬಿಡುತ್ತದೆ. ಅದಕ್ಕೆ ನಿನ್ನ ಬಳಿ ಔಷಧವಿಲ್ಲ. ಕಾರನ್ನು ವಾಪಸ್ ಕೊಟ್ಟು, "ನನ್ನಿಂದ ಆಗಲ್ಲ" ಎಂದು ಹೇಳಿಬಿಡು. ಆಗದ ಕೆಲಸವನ್ನು ಆಗದು ಎನ್ನುವುದರಲ್ಲಿ ನಾಚಿಕೆಯಿಲ್ಲ. ಆ ಕಾರು ಯಾರಿಗೂ ಒಳ್ಳೆಯದು ಮಾಡಲಿಲ್ಲ. ನಿನಗೂ ಬೇಡ.

ಹನುಮೇಶನ ಸುದ್ದಿ ನನಗೆ ಬರೆಯಬೇಡ.

ಚಕ್ರಪಾಣಿ


ಹೆಗ್ಗನಹಳ್ಳಿ
2 ಸೆಪ್ಟೆಂಬರ್ 2024

ಸಾರ್,

ನಿಮ್ಮ ಮಾತಿನಂತೆ ಕಾರನ್ನು ವಾಪಸ್ ಕೊಟ್ಟೆ. ಕಂಪ್ಯೂಟರ್ ಕೆಟ್ಟಿದೆ, ಬೇರೆ ತರಿಸಿ, ಅಲ್ಲಿಯವರೆಗೆ ದೂರ ಓಡಿಸಬೇಡಿ ಎಂದೆ. ನನ್ನ ಲೆಕ್ಕ ಬೇರೆಯೇ ಹೇಳುತ್ತಿತ್ತು. ಆದರೂ ನಿಮ್ಮ ಮಾತನ್ನೇ ನನ್ನ ಬಾಯಿಂದ ಹೇಳಿದೆ.

ನಿನ್ನೆ ಭಾನುವಾರ ಬೆಳಿಗ್ಗೆ ಅನಿಕೇತ್ ತಮ್ಮ ತಾಯಿ ವತ್ಸಲಾ ಅವರನ್ನು ಕೂರಿಸಿಕೊಂಡು ಮಾಗಡಿ ರಸ್ತೆಯಲ್ಲಿ ಹೊರಟಿದ್ದಾರೆ. "ಹತ್ತಿರವೇ ಅಲ್ವಾ ಅಂದ್ಕೊಂಡೆ" ಅಂದರು. ಸುಂಕದಕಟ್ಟೆ ದಾಟಿದ ಮೇಲೆ, ಇಳಿಜಾರಿನಲ್ಲಿ, ಕಾರು ಸತ್ತಿದೆ. ಹಿಂದೆ ಜಲ್ಲಿ ಲಾರಿ. ಲಾರಿಯವನು ಬ್ರೇಕ್ ಒತ್ತಿ ಪಕ್ಕಕ್ಕೆ ಎಳೆದುಕೊಂಡರೂ ಹಿಂಬದಿಯ ಮೂಲೆಗೆ ತಾಗಿದೆ. ಆ ಹೊಡೆತಕ್ಕೆ ವತ್ಸಲಾ ಅವರು ಮುಂದಕ್ಕೆ ಕೈ ಊರಿ, ಬಲಗೈ ಮಣಿಕಟ್ಟು ಮುರಿದಿದೆ.

ಆಸ್ಪತ್ರೆಗೆ ಹೋಗಿದ್ದೆ. ಆಕೆ ನನ್ನ ಮೇಲೆ ರೇಗುತ್ತಾರೆ ಅಂದುಕೊಂಡಿದ್ದೆ. ರೇಗಲಿಲ್ಲ. ಪ್ಲಾಸ್ಟರಿನ ಕೈ ಎತ್ತಿ ಹಿಡಿದುಕೊಂಡು, "ನಮ್ಮಣ್ಣನ ಕಾಲು ಆಯ್ತು, ಈಗ ನನ್ನ ಕೈ. ಆ ಕಾರಲ್ಲಿ ಏನಿದೆ ಅಂತ ಒಬ್ರೂ ಹೇಳಲ್ವಲ್ಲಮ್ಮಾ" ಎಂದರು.

ಕಾರು ಈಗ ನನ್ನ ವರ್ಕ್‌ಶಾಪಿನಲ್ಲೇ ಇದೆ. ನಾನು ಹೇಳಿ ತರಿಸಿಕೊಂಡೆ. ಇದಕ್ಕೆ ಉತ್ತರ ಕಳಿಸಿ, ಸಾರ್. ಬಿಚ್ಚಬೇಡ ಅನ್ನುವುದಾದರೆ ಯಾಕೆ ಅಂತಲೂ ಬರೆಯಿರಿ.

ರಾಗಿಣಿ


ಹೆಗ್ಗನಹಳ್ಳಿ
20 ಸೆಪ್ಟೆಂಬರ್ 2024

ಸಾರ್,

ಹದಿನೆಂಟು ದಿನ ಕಾದೆ. ನಿಮ್ಮಿಂದ ಉತ್ತರವಿಲ್ಲ.

ನಿನ್ನೆ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಒಂದು ಕ್ಲಿಪ್ಪೂ ಮುರಿಯಲಿಲ್ಲ.

ಕಂಪ್ಯೂಟರಿಗೆ ಹೋಗುವ ದಪ್ಪ ತಂತಿಯನ್ನು ಯಾರೋ ಒಮ್ಮೆ ಕತ್ತರಿಸಿ ಮತ್ತೆ ಸೇರಿಸಿದ್ದಾರೆ. ಬೆಸುಗೆ ಇಲ್ಲ. ಬರಿಯ ಎರಡು ತುದಿ ಹೊಸೆದು ಟೇಪ್ ಸುತ್ತಿದ್ದಾರೆ. ತಾಮ್ರ ಕಪ್ಪಾಗಿದೆ. ತಂತಿಗೆ ಟೆಸ್ಟ್ ದೀಪ ಸಿಕ್ಕಿಸಿ, ಹೀಟ್ ಗನ್ನಿನ ಬಿಸಿಗಾಳಿ ಬಿಟ್ಟು ಆ ಜೋಡಣೆಯನ್ನು ಬಿಸಿ ಮಾಡಿದೆ. ದೀಪ ಆರಿತು. ತಣ್ಣಗಾಗಲು ಬಿಟ್ಟೆ. ದೀಪ ಹತ್ತಿತು. ಏಳು ಸಲ ಮಾಡಿ ನೋಡಿದೆ.

ಟೇಪಿನ ಕೊನೆಯನ್ನು ಒಳಕ್ಕೆ ಮಡಚಿ ಸಣ್ಣ ಕಿವಿ ಬಿಟ್ಟಿದ್ದಾರೆ. "ನಾಳೆ ಬಿಚ್ಚುವವನ ಉಗುರಿಗೆ ಸಿಗಬೇಕು" ಅಂತ ನಮಗೆ ಕಲಿಸಿದವರು ನೀವು. ಆಗ ಅಂಗಡಿಯಲ್ಲಿ ಇದ್ದದ್ದು ಮೂರೇ ಜನ. ನಾನು ಆ ಕಾರಿನ ಒಳಗಿನ ತಂತಿ ಮುಟ್ಟಿರಲಿಲ್ಲ. ಹನುಮೇಶ ಎಡಗೈಯವನು, ಅವನ ಟೇಪು ಯಾವಾಗಲೂ ಉಲ್ಟಾ ಸುತ್ತುತ್ತಿತ್ತು. ನೀವೇ ಬೈಯುತ್ತಿದ್ದಿರಿ.

ಇದು ಸರಿಯಾಗಿ ಸುತ್ತಿದೆ, ಸಾರ್.

ರಾಗಿಣಿ


ಹೊಸಪೇಟೆ
14 ಅಕ್ಟೋಬರ್ 2024

ಚಿ. ರಾಗಿಣಿಗೆ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದನ್ನು ಓದಿ ನೋಡದೆ ಅಂಟಿಸಿ ಕಳಿಸುತ್ತೇನೆ.

ಅದು ನನ್ನ ಕೈ.

2017ರ ಫೆಬ್ರವರಿಯಲ್ಲಿ ಜಗನ್ನಾಥ್ ಅವರು ಕಾರಿನ ವೇಗ ಹೆಚ್ಚಿಸುವ ಒಂದು ಪೆಟ್ಟಿಗೆ ತರಿಸಿ, ಹಾಕಿಕೊಡಿ ಎಂದರು. ಆ ತಂತಿ ಕತ್ತರಿಸಿ ಪೆಟ್ಟಿಗೆ ಸೇರಿಸಿದೆ. ಎಂಜಿನ್ನಿಗೆ ಅದು ಒಗ್ಗಲಿಲ್ಲ. ಒಂದು ವಾರ ಬಿಟ್ಟು, ತೆಗೆದುಬಿಡಿ ಎಂದು ಶನಿವಾರ ಮಧ್ಯಾಹ್ನ ತಂದರು. ಅವರು ಹೊರಗೆ ಟೀ ಅಂಗಡಿಯಲ್ಲಿ ಕಾಯುತ್ತಿದ್ದರು. ಪೆಟ್ಟಿಗೆ ತೆಗೆದೆ. ತಂತಿ ಬೆಸೆಯಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಬೆಸುಗೆಯ ಕಡ್ಡಿ ತಣ್ಣಗಿತ್ತು. ಈಗ ಹೊಸೆದು ಟೇಪ್ ಹಾಕೋಣ, ಕರೆಂಟ್ ಬಂದ ಮೇಲೆ ಬೆಸೆಯೋಣ ಎಂದುಕೊಂಡೆ. ಕರೆಂಟ್ ಬರಲಿಲ್ಲ. ಅವರು ಎರಡು ಸಲ ಬಂದು ಇಣುಕಿದರು. ಡ್ಯಾಶ್‌ಬೋರ್ಡ್ ಮುಚ್ಚಿದೆ.

"ಸೋಮವಾರ ಒಂದು ಗಳಿಗೆ ತನ್ನಿ ಸಾರ್, ಸಣ್ಣ ಕೆಲಸ ಉಳಿದಿದೆ." ಇಷ್ಟು ಹೇಳಿದ್ದರೆ ಸಾಕಿತ್ತು. ಆಗ ನನಗೆ ಗಂಟಲಿತ್ತು. ಚಕ್ರಪಾಣಿ ಕೆಲಸ ಉಳಿಸುತ್ತಾನೆ ಎನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮುಂದಿನ ಸರ್ವಿಸಿನಲ್ಲಿ ಯಾರಿಗೂ ಗೊತ್ತಾಗದಂತೆ ಸರಿ ಮಾಡೋಣ ಎಂದುಕೊಂಡೆ. ಮೂರು ವಾರ ಕಳೆಯುವ ಮೊದಲೇ ಆ ಸುದ್ದಿ ಬಂತು.

ಸುದ್ದಿ ಕೇಳಿದ ಕ್ಷಣವೇ ನನಗೆ ತಿಳಿಯಿತು, ರಾಗಿಣಿ. ಯೋಚಿಸಬೇಕಾಗಿ ಬರಲಿಲ್ಲ. ಅವರ ಮನೆಯವರು ಬಂದು ನಿಂತು, "ಕೊನೇದಾಗಿ ಕೈ ಹಾಕಿದ್ದು ಯಾರು?" ಎಂದಾಗ, ಅಪಘಾತದ ಹಿಂದಿನ ದಿನ ಹೊಸ ಬ್ಯಾಟರಿ ಕೂರಿಸಿದ್ದು ಹನುಮೇಶ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಅದು ಸುಳ್ಳಲ್ಲ. ಬೋಲ್ಟ್ ಸಡಿಲವಾಗಿತ್ತು ಎಂದು ಸೇರಿಸಿದ್ದು ಸುಳ್ಳು.

ನಿನ್ನ ಮೊದಲ ಕಾಗದ ಬಂದಾಗಲೇ ನಿಜ ಬರೆಯಬಹುದಿತ್ತು. ಅದರ ಬದಲು ನಿನ್ನನ್ನು ಡಿಕ್ಕಿಯ ಕಡೆ ಓಡಿಸಿದೆ. ಎರಡನೆಯದರಲ್ಲಿ ನಿನ್ನ ಲೆಕ್ಕ ನೂರಕ್ಕೆ ನೂರು ಸರಿ ಇತ್ತು. ನಾನು ಕಲಿಸಿದ ಯಾರೂ ಅಷ್ಟು ಚೆನ್ನಾಗಿ ಹಿಡಿದಿರಲಿಲ್ಲ. ಅದನ್ನು ಓದಿ ಹೆಮ್ಮೆಪಡಬೇಕಾದವನು ಹೆದರಿದೆ. ಆ ತಾಯಿಯ ಕೈ ಮುರಿದದ್ದೂ ನನ್ನಿಂದಲೇ.

ಹನುಮೇಶನಿಗೆ ಬೇರೆ ಕಾಗದ ಬರೆದು ಇದರ ಜೊತೆ ಇಟ್ಟಿದ್ದೇನೆ. ಅವನ ಕೈಗೆ ತಲುಪಿಸು. ಜಗನ್ನಾಥ್ ಅವರಿಗೆ ನನ್ನ ಹೆಸರು ಹೇಳಿಯೇ ಹೇಳು. ಬೋರ್ಡಿನ ಮೇಲಿನ ನನ್ನ ಹೆಸರನ್ನು ಅಳಿಸಿಬಿಡು.

ಚಕ್ರಪಾಣಿ


ಹೆಗ್ಗನಹಳ್ಳಿ
2 ಡಿಸೆಂಬರ್ 2024

ಚಕ್ರಪಾಣಿ ಸಾರ್ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು. ಆಮೇಲೆ ಬೈಯಲು ನನಗೂ ಮುಖವಿಲ್ಲ ಅನಿಸಿತು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ತಂತಿ ಬೆಸೆದೆ. ಒಂದು ತಿಂಗಳು ದಿನಾ ಓಡಿಸಿ ನೋಡಿದೆ. ಕೆಂಗೇರಿಯ ತನಕ ಹೋಗಿ ಟ್ರಾಫಿಕ್ಕಿನಲ್ಲಿ ಬೇಕಂತಲೇ ನಿಲ್ಲಿಸಿಕೊಂಡು ಬಿಸಿ ಮಾಡಿದೆ. ಒಂದು ಸಲವೂ ನಿಲ್ಲಲಿಲ್ಲ. ಹಿಂದೆಲ್ಲ ದೋಷ ಹಿಡಿದ ದಿನ ಒಬ್ಬಳೇ ಕುಣಿದಾಡುತ್ತಿದ್ದವಳು ನಾನು. ಈ ಸಲ ಬಾನೆಟ್ ಮುಚ್ಚಿ ಕೈ ತೊಳೆದುಕೊಂಡು ಮನೆಗೆ ಹೋದೆ.

ಅನಿಕೇತ್ ಅವರಿಗೆ ಎಲ್ಲ ಹೇಳಿ, ಅವರ ಜೊತೆಯೇ ರಾಜಾಜಿನಗರಕ್ಕೆ ಹೋದೆ. ಜಗನ್ನಾಥ್ ಅವರು ಕೃತಕ ಕಾಲು ಬಿಚ್ಚಿಟ್ಟು ಪೇಪರ್ ಓದುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೇಪರ್ ಮಡಚಿಟ್ಟು, "ಆ ಕೊಪ್ಪಳದ ಹುಡುಗ ಹನುಮೇಶ ಆಸ್ಪತ್ರೆಗೆ ಬಂದಿದ್ದ. ಒಳಗೆ ಬಿಡಬೇಡಿ ಅಂತ ನಾನೇ ಹೇಳ್ದೆ" ಎಂದರು. ಮತ್ತೆ ಪೇಪರ್ ಎತ್ತಿಕೊಂಡರು. ನಾವು ಎದ್ದು ಬಂದೆವು.

ಹನುಮೇಶನನ್ನು ಹುಡುಕಿಕೊಂಡು ಬ್ಯಾಡರಹಳ್ಳಿಗೆ ಮೂರು ಸಲ ಹೋದೆ. ಮೂರನೇ ಸಲ, ಮಧ್ಯಾಹ್ನ, ಗೋಡೌನಿನ ಮುಂದೆ ಗಾಡಿಗೆ ಡಬ್ಬ ತುಂಬುತ್ತಾ ಸಿಕ್ಕಿದ. ದಪ್ಪಗಾಗಿದ್ದಾನೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ, ಮೂವತ್ನಾಲ್ಕಕ್ಕೇ. ನನ್ನನ್ನು ನೋಡಿ ಡಬ್ಬ ಕೆಳಗಿಡಲಿಲ್ಲ.

"ಹನುಮೇಶ, ದೋಷ ಸಿಕ್ತು. ಬೋಲ್ಟ್ ಅಲ್ಲ. ಸಾರ್ ಹಾಕಿದ ಜಾಯಿಂಟು" ಎಂದೆ.

"ಬೋಲ್ಟ್ ಅಲ್ಲ ಅಂತ ನನಗ ಗೊತ್ತೈತಿ. ನಾನ ಬಿಗಿದಾಂವ" ಎಂದ. ಆಮೇಲೆ ಡಬ್ಬ ಕೆಳಗಿಟ್ಟು ನನ್ನ ಕಡೆ ತಿರುಗಿದ. "ನಿನಗೂ ಗೊತ್ತಿತ್ತಲ್ಲ ರಾಗಿಣಿ. ಟಾರ್ಚ್ ಹಿಡಕೊಂಡು ನಿಂತಾಕಿ ನೀನ."

ಹೌದು, ಸಾರ್. ಇದನ್ನು ನಾನು ನಿಮಗೆ ಯಾವತ್ತೂ ಹೇಳಿಲ್ಲ. ಆವತ್ತು ಟಾರ್ಚ್ ಹಿಡಿದಿದ್ದವಳು ನಾನು. ಅವನು ಬೋಲ್ಟ್ ಬಿಗಿದು, ಸ್ಪ್ಯಾನರಿನ ಮೇಲೆ ಮೈ ಭಾರ ಬಿಟ್ಟು, "ನೋಡು, ಇನ್ನ ಇದನ್ನ ಆನಿ ಬಂದ್ರೂ ಬಿಚ್ಚಂಗಿಲ್ಲ" ಅಂದದ್ದು ನನ್ನ ಕಿವಿಯಲ್ಲಿದೆ. ನೀವು ಎಲ್ಲರ ಮುಂದೆ ಅವನ ಹೆಸರು ಹೇಳಿದಾಗ ಅವನು ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಸಾರ್ ಹೇಳಿದ ಮೇಲೆ ಸರಿಯೇ ಇರಬೇಕು, ನನ್ನ ಕಣ್ಣೇ ತಪ್ಪಿರಬೇಕು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಎರಡು ವರ್ಷದ ಹಿಂದೆ ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ.

ಅವನಿಗೆ ಇದೆಲ್ಲ ಹೇಳಿ ತಪ್ಪಾಯ್ತು ಎಂದೆ. ನಿಮ್ಮ ಕಾಗದ ಕೊಟ್ಟೆ. ತೆರೆಯದೆ ನನ್ನ ಕೈಗೇ ವಾಪಸ್ ಇಟ್ಟ.

"ನನಗ ಬ್ಯಾಡ ಇದು. ಸಾರ್ ಆವತ್ತ ನಮ್ಮಪ್ಪಗ ಫೋನ್ ಮಾಡಿದ್ರು, ಗೊತ್ತೈತೇನು ನಿನಗ? ನಿಮ್ಮ ಮಗನ ಕೈಯಿಂದ ಒಬ್ಬರ ಕಾಲ ಹೋತು, ಇನ್ನ ಅವನ್ನ ಕೆಲಸಕ್ಕ ಇಟ್ಕೊಳಂಗಿಲ್ಲ ಅಂತ. ಸ್ಪೀಕರ್ ಹಚ್ಚಿತ್ತು. ಅಪ್ಪ, ಅವ್ವ, ಓಣ್ಯಾಗಿನ ಮಂದಿ, ಎಲ್ಲಾರೂ ಕೇಳ್ಯಾರ. ಊರಿಗೆ ಹೋದ್ರ ಅಪ್ಪ ನನ್ನ ಕೂಡ ಊಟಕ್ಕ ಕೂಡತಿರಲಿಲ್ಲ. ನಾ ಅಲ್ಲಪಾ ಅಂದ್ರ, ದೊಡ್ಡ ಮನಷ್ಯಾ ಸುಳ್ಳ ಹೇಳ್ತಾನೇನಲೇ ಅಂದ. ಮೂರು ವರ್ಷದ ಹಿಂದ ಅಪ್ಪ ತೀರಕೊಂಡ."

ನಿಮ್ಮ ಪತ್ರದಲ್ಲಿ ಈ ಫೋನಿನ ವಿಷಯ ಇರಲಿಲ್ಲ, ಸಾರ್.

ಕೊನೆಗೆ ಅವನು ಕೇಳಿದ್ದು ಇಷ್ಟೇ: "ನಮ್ಮವ್ವ ಇದ್ದಾಳ. ಅಕಿಗೆ ಹೇಳ್ಲಿ. ನಾ ಹೇಳಿದ್ರ ಮಗ ತಪ್ಪ ಮುಚ್ಚಾಕತ್ಯಾನ ಅಂತಾಳ. ಸಾರ್ ಬಂದು ಹೇಳ್ಲಿ."

"ಅವರಿಗೆ ಈಗ ಮಾತು ಬರಲ್ಲ ಹನುಮೇಶ" ಎಂದೆ. ಅವನಿಗೆ ಗೊತ್ತಿರಲಿಲ್ಲ. ಗಾಡಿಯ ಬಾಗಿಲು ತೆರೆದ. "ಹಂಗಾದ್ರ ಹೆಂಗರ ಹೇಳ್ಲಿ" ಎಂದು ಗಾಡಿ ಹತ್ತಿದ.

ತಾಯಿಯ ಹೆಸರು ಹೊನ್ನವ್ವ. ಊರು ನಿಮಗೆ ಗೊತ್ತೇ ಇದೆ, ಗಿಣಿಗೇರಾದಿಂದ ಒಳಗೆ. ನೀವಿರುವಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ.

ಬೋರ್ಡಿನ ಮೇಲಿನ ನಿಮ್ಮ ಹೆಸರನ್ನು ನಾನು ಅಳಿಸಿಲ್ಲ. ಅದನ್ನು ಮಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ರಾಗಿಣಿ


ಹೊಸಪೇಟೆ
6 ಜನವರಿ 2025

ಚಿ. ರಾಗಿಣಿಗೆ,

ಫೋನಿನ ವಿಷಯ ಬರೆಯದೆ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

ನಿನ್ನ ಕಾಗದ ಓದಿ ಮೂರು ವಾರ ಕಾಲುವೆಯ ತನಕ ನಡೆದು ವಾಪಸ್ ಬಂದೆ. ಬಸ್ ನಿಲ್ದಾಣ ಅಲ್ಲಿಯೇ ಪಕ್ಕದಲ್ಲಿದೆ. ಕೊಪ್ಪಳದ ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡುತ್ತವೆಂದು ನನಗೆ ಬಾಯಿಪಾಠ. ಇಲ್ಲಿಗೆ ಬಂದು ನೆಲೆಸಿದಾಗಲೇ ಗೊತ್ತಿತ್ತು, ಆ ಊರು ಹತ್ತಿರ ಎಂದು. ನಿನ್ನೆ ಬೆಳಿಗ್ಗೆ ಹತ್ತಿದೆ. ಲಕ್ಷ್ಮಿ ಜೊತೆಗೆ ಬರುತ್ತೇನೆ ಎಂದಳು. ಬೇಡವೆಂದು ಕೈ ಆಡಿಸಿದೆ.

ಎರಡು ಪುಟ ಬರೆದುಕೊಂಡು ಹೋಗಿದ್ದೆ. ಮನೆ ಕೇಳಲು ಹನುಮೇಶನ ಅಪ್ಪ ಲಿಂಗಪ್ಪನವರ ಹೆಸರನ್ನು ಚೀಟಿಯಲ್ಲಿ ಬರೆದು ಜನರಿಗೆ ತೋರಿಸಿದೆ. ಹೊನ್ನವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. "ಯಾರ್ರೀ ನೀವು? ಯಾರು ಬೇಕಾಗಿತ್ತು?" ಎಂದರು. ನಾನು ಕತ್ತಿನ ಬಟ್ಟೆ ಸರಿಸಿ ತೋರಿಸಿ, ಕಾಗದ ಚಾಚಿದೆ. ಆಕೆ ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿ ನನಗೇ ಹಿಂದಕ್ಕೆ ಕೊಟ್ಟರು. "ನನಗ ಓದಾಕ ಬರಂಗಿಲ್ರಿ" ಎಂದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಅಂಗಳದಲ್ಲಿ ನಿಂತು, ಗಂಟಲಿದ್ದಾಗ ಆ ಫೋನಿನಲ್ಲಿ ಎಷ್ಟು ಸ್ಪಷ್ಟವಾಗಿ, ಎಷ್ಟು ಗತ್ತಿನಿಂದ ಮಾತಾಡಿದ್ದೆ ಎಂದು ನೆನಪಾಯಿತು. ಓಡಿಹೋಗಬೇಕು ಅನಿಸಿತು.

ಒಳಗಿನಿಂದ ಹಿರಿಯ ಮಗನ ಹೆಂಡತಿ ಸುವರ್ಣಾ ಬಂದಳು. ಪಿಯುಸಿ ಓದಿದ್ದಾಳಂತೆ. ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಮೆಲ್ಲನೆ, ಅಕ್ಷರ ಬಿಡದೆ ಓದಿದಳು. ತಂತಿ, ಬೆಸುಗೆ ಎಂಬುದೆಲ್ಲ ಆಕೆಗೆ ಅರ್ಥವಾಗಲಿಲ್ಲ, ಎರಡು ಕಡೆ ತಡೆದಳು. "ಹನುಮೇಶ ಬಿಗಿದ ಬೋಲ್ಟ್ ಸರಿಯಾಗಿತ್ತು. ತಪ್ಪು ನನ್ನದು. ಅದು ಗೊತ್ತಿದ್ದೂ ಅವನ ಮೇಲೆ ಹಾಕಿದೆ. ಲಿಂಗಪ್ಪನವರಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು" ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಓದು" ಎಂದರು ಹೊನ್ನವ್ವ.

ಓದಿ ಮುಗಿಸಿದಳು. ಹೊನ್ನವ್ವ ಕೈಗೆ ಹತ್ತಿದ್ದ ಮೆಣಸಿನ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಎಷ್ಟೋ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ, "ಇದನ್ನ ಅವರಪ್ಪ ಇದ್ದಾಗ ತರಬೇಕಿತ್ರಿ" ಎಂದರು.

ನಾನು ಕೈ ಮುಗಿದೆ. ಆಕೆ ಆ ಕಡೆ ನೋಡಲಿಲ್ಲ. ಸೊಸೆಯ ಕಡೆ ತಿರುಗಿದರು.

"ಇನ್ನೊಮ್ಮೆ ಓದವಾ ಸುವರ್ಣಾ. ಈ ಸಲ ಬಾಗಲಾಗ ನಿಂತು ಓದು. ಗಟ್ಟಿಯಾಗಿ ಓದು. ಓಣಿಗೆ ಕೇಳಬೇಕು."

ಸುವರ್ಣಾ ಹೊರಬಾಗಿಲಿನ ಮೆಟ್ಟಿಲ ಮೇಲೆ ಹೋಗಿ ನಿಂತಳು. ಹೊನ್ನವ್ವ ನನಗೂ ಅಲ್ಲಿಗೆ ಬರುವಂತೆ ಸನ್ನೆ ಮಾಡಿದರು. ಹೋಗಿ ಪಕ್ಕದಲ್ಲಿ ನಿಂತೆ. ಎದುರು ಮನೆಯವರು ಬಂದರು, ನಳದ ಹತ್ತಿರ ಕೊಡ ಹಿಡಿದಿದ್ದವರು ಬಂದರು, ಕಟ್ಟೆಯ ಮೇಲಿದ್ದ ಇಬ್ಬರು ಮುದುಕರು ಎದ್ದು ಬಂದರು. ಅವಳು ಮೊದಲ ಸಾಲಿನಿಂದ ಶುರು ಮಾಡಿದಳು. "ನಾನು, ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಚಕ್ರಪಾಣಿ" ಎಂದು ಅವಳು ಓದುತ್ತಿದ್ದಂತೆ, ಹೊನ್ನವ್ವ ನನ್ನ ಕಡೆ ಬೆರಳು ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇವರ ನೋಡ್ರಿ."

ಕೊನೆಯ ಸಾಲಿನ ತನಕ ಅಲ್ಲೇ ನಿಂತಿದ್ದೆ.

ಚಕ್ರಪಾಣಿ